ಲಾಭವೇನು ಎಂದು ಕೇಳಿದ ಊರಲ್ಲಿ ದೋಣಿ ಕಟ್ಟಿದವನು

1892ರ ಚಳಿಗಾಲ. ಅಮೆರಿಕದ ಬಾಸ್ಟನ್ ಬಂದರಿನಲ್ಲಿ ಕೆಲಸ ಹುಡುಕುತ್ತಾ ಅಲೆಯುತ್ತಿದ್ದವರಲ್ಲಿ ಜೋಶುವಾ ಸ್ಲೋಕಂ ಕೂಡ ಒಬ್ಬ. ವಯಸ್ಸು 48ರ ಹತ್ತಿರ. ಕಡಲಿನಲ್ಲಿ ಕಳೆದದ್ದು 30 ವರ್ಷಕ್ಕೂ ಹೆಚ್ಚು. ಚೀನಾ, ಜಪಾನ್, ಆಸ್ಟ್ರೇಲಿಯಾ, ಫಿಲಿಪ್ಪೀನ್ಸ್, ಬ್ರೆಜಿಲ್ ಎಲ್ಲ ಕಡೆಯ ನೀರೂ ಗೊತ್ತು. ದೊಡ್ಡ ದೊಡ್ಡ ಹಾಯಿಹಡಗುಗಳಿಗೆ ಕ್ಯಾಪ್ಟನ್ ಆಗಿದ್ದವನು. ಆದರೆ ಅವನನ್ನು ಕರೆದು ಕೆಲಸ ಕೊಡುವವರೇ ಇರಲಿಲ್ಲ. ಅನುಭವ ಕಡಿಮೆ ಎಂದಲ್ಲ, ಆ ಅನುಭವವೇ ಯಾರಿಗೂ ಬೇಡವಾಗಿತ್ತು. ಹಾಯಿಯ ಕಾಲ ಮುಗಿದು ಉಗಿಹಡಗಿನ ಕಾಲ ಬಂದಿತ್ತು.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಈ ಬದಲಾವಣೆ ಇನ್ನೂ ಜೋರಾಯಿತು. ಗಾಳಿಯನ್ನೇ ನಂಬಿದ ಹಡಗಿಗೆ ಆ ಕಿರಿದಾದ ಕಾಲುವೆ ಅನುಕೂಲವಾಗಿರಲಿಲ್ಲ. ಉಗಿಹಡಗಿಗೆ ಅದು ಹತ್ತಿರದ ದಾರಿ. ಗಾಳಿ ನೋಡಿ ಹಾಯಿ ಬಿಚ್ಚುವ ವಿದ್ಯೆಗಿಂತ ಬಾಯ್ಲರ್‌ಗೆ ಕಲ್ಲಿದ್ದಲು ಹಾಕಿ ಹೇಳಿದ ದಿನಕ್ಕೆ ಹೇಳಿದ ಬಂದರು ಮುಟ್ಟಿಸುವ ಯಂತ್ರ ಮಾಲೀಕರಿಗೆ ಇಷ್ಟವಾಯಿತು. ಹಾಯಿಹಡಗಿನ ಕ್ಯಾಪ್ಟನ್‌ಗಳು ಒಬ್ಬೊಬ್ಬರಾಗಿ ದಡ ಸೇರಿದರು. ಹಡಗುಕಟ್ಟೆಯಲ್ಲಿ ಮರದ ಕೆಲಸಕ್ಕಾದರೂ ಸೇರೋಣ ಎಂದು ಸ್ಲೋಕಂ ಯೋಚಿಸಿದ. ಅದಕ್ಕೂ ಮೊದಲು ಒಂದು ಸಂಘಕ್ಕೆ 50 ಡಾಲರ್ ಕಟ್ಟಬೇಕಿತ್ತು.

ನಾನು ಬಿಇ ಮೆಕ್ಯಾನಿಕಲ್ ಓದುತ್ತಿದ್ದೇನೆ. ಕ್ಯಾಂಟೀನಿನಲ್ಲಿ ಕೂತರೆ ಈಗ ನಮ್ಮ ನಡುವೆ ಒಂದೇ ಮಾತು. ನಾವು ಕಲಿಯುತ್ತಿರುವುದು ನಾಳೆ ಯಾರಿಗಾದರೂ ಬೇಕಾಗುತ್ತದೆಯೇ? ಡ್ರಾಯಿಂಗ್ ಹಾಕುವ, ಕೋಡ್ ಬರೆಯುವ ಕೆಲಸಗಳನ್ನೇ ಯಂತ್ರ ಮಾಡತೊಡಗಿದರೆ ನಮ್ಮ ಡಿಗ್ರಿಯ ಗತಿಯೇನು? ಇಂತಹ ಹೊತ್ತಿನಲ್ಲಿ ಸ್ಲೋಕಂನ ಬದುಕನ್ನು ಓದಿದಾಗ ನನಗೆ ಅದು ಕೇವಲ ಸಾಹಸದ ಕಥೆಯಾಗಿ ಕಾಣಲಿಲ್ಲ. ಒಬ್ಬನೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿದ ಮೊದಲಿಗ ಎಂದು ಜಗತ್ತು ಅವನನ್ನು ನೆನೆಯುತ್ತದೆ. ಆದರೆ ಆ ಯಾನಕ್ಕೂ ಮೊದಲು ಆತ ಮಾಡಿದ್ದು ಇನ್ನೊಂದಿದೆ. ತನ್ನ ಕಸುಬು ಸತ್ತುಹೋದ ಮೇಲೆ, ಆ ಕಸುಬು ಕೈಯಲ್ಲಿ ಉಳಿಸಿದ್ದನ್ನೇ ಹಿಡಿದು ಒಂದು ಮರದ ದೋಣಿ ಕಟ್ಟಿದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೆಲಸ.

ಬೂಟಿನ ಅಂಗಡಿಯಿಂದ ಕಡಲಿಗೆ

ಸ್ಲೋಕಂ ಹುಟ್ಟಿದ್ದು 1844ರ ಫೆಬ್ರುವರಿ 20ರಂದು, ಈಗಿನ ಕೆನಡಾದ ನೋವಾ ಸ್ಕಾಟಿಯಾದಲ್ಲಿ. ಅಪ್ಪ ಬೇಸಾಯಗಾರ. ಬೇಸಾಯ ಕೈಹಿಡಿಯದೆ ಕಡಲಿನ ಅಂಚಿನ ಬ್ರಯರ್ ದ್ವೀಪಕ್ಕೆ ಬಂದು ಮೀನುಗಾರರಿಗೆ ಬೂಟು ಹೊಲಿದು ಕೊಡುವ ಅಂಗಡಿ ಇಟ್ಟ. 10 ವರ್ಷದ ಹುಡುಗನನ್ನು ಶಾಲೆ ಬಿಡಿಸಿ ಅದೇ ಅಂಗಡಿಯಲ್ಲಿ ಕೂರಿಸಿದ. ಕಿಟಕಿಯ ಹೊರಗೆ ಕಡಲು, ಒಳಗೆ ನೆನೆಸಿದ ತೊಗಲಿನ ವಾಸನೆ. ಹುಡುಗ ಕದ್ದುಮುಚ್ಚಿ ಮರದಲ್ಲಿ ಒಂದು ಪುಟ್ಟ ಹಡಗಿನ ಮಾದರಿ ಕೆತ್ತುತ್ತಿದ್ದ. ಅದು ಅಪ್ಪನ ಕಣ್ಣಿಗೆ ಬಿತ್ತು. ಅಪ್ಪ ಅದನ್ನು ಎತ್ತಿ ನೆಲಕ್ಕೆ ಬಡಿದು ಚೂರು ಮಾಡಿದ.

14ನೇ ವಯಸ್ಸಿನಲ್ಲಿ ಹುಡುಗ ಮನೆ ಬಿಟ್ಟು ಓಡಿ ಒಂದು ಮೀನುಗಾರಿಕೆ ಹಡಗಿನಲ್ಲಿ ಅಡುಗೆಯವನಾದ. ಮತ್ತೆ ಮನೆಗೆ ಮರಳಬೇಕಾಯಿತು. 1860ರಲ್ಲಿ ತಾಯಿ ತೀರಿಕೊಂಡಳು. ಆಮೇಲೆ ಅವನನ್ನು ಹಿಡಿದಿಡುವವರು ಯಾರೂ ಇರಲಿಲ್ಲ. 16ರ ಹುಡುಗ ಸಾಮಾನ್ಯ ನಾವಿಕನಾಗಿ ಹೊರಟ. ಮೂರನೇ ಕ್ಲಾಸಿನಷ್ಟೇ ಓದಿದ್ದವನು ಹಡಗಿನಲ್ಲಿ ಸಿಕ್ಕ ಪುಸ್ತಕಗಳಿಂದ ಲೆಕ್ಕ ಕಲಿತ, ಸೂರ್ಯ ನಕ್ಷತ್ರಗಳನ್ನು ಅಳೆದು ದಾರಿ ಕಂಡುಕೊಳ್ಳುವುದನ್ನು ಕಲಿತ. ಸ್ಯಾನ್ ಫ್ರಾನ್ಸಿಸ್ಕೊ ತಲುಪಿ ಅಮೆರಿಕದ ಪ್ರಜೆಯಾದ. 30 ತುಂಬುವ ಮೊದಲೇ ಕ್ಯಾಪ್ಟನ್.

1871ರಲ್ಲಿ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್ ಎಂಬ ಯುವತಿಯನ್ನು ಮದುವೆಯಾದ. ಆಕೆ ಗಂಡನ ಜೊತೆ ಹಡಗಿನಲ್ಲೇ ಸಂಸಾರ ಹೂಡಿದಳು. ಏಳು ಮಕ್ಕಳು ಹುಟ್ಟಿದವು, ಉಳಿದದ್ದು ನಾಲ್ಕು. ಯಾವ ಮಗುವಿಗೂ ಇದು ನಮ್ಮ ಊರು ಎಂದು ಹೇಳಿಕೊಳ್ಳುವ ಒಂದು ಊರು ಇರಲಿಲ್ಲ. ಹಡಗೇ ಮನೆ, ಹಡಗೇ ಶಾಲೆ.

1880ರ ದಶಕದ ಆರಂಭದಲ್ಲಿ ಸ್ಲೋಕಂ ನಾರ್ದರ್ನ್ ಲೈಟ್ ಎಂಬ ಭಾರಿ ಹಾಯಿಹಡಗಿನ ಕ್ಯಾಪ್ಟನ್ ಮತ್ತು ಪಾಲುದಾರ. ಅಮೆರಿಕದ ಅತ್ಯುತ್ತಮ ಹಾಯಿಹಡಗುಗಳಲ್ಲಿ ಅದೂ ಒಂದು ಎಂಬ ಹೆಮ್ಮೆ ಅವನಿಗಿತ್ತು. ಅಲ್ಲಿಂದ ಇಳಿಜಾರು. ಹಡಗಿನಲ್ಲಿ ನಾವಿಕರ ದಂಗೆಯಾಯಿತು. ಒಬ್ಬ ಅಧಿಕಾರಿಯನ್ನು ಕೂಡಿಹಾಕಿ ಹಿಂಸಿಸಿದ ಆರೋಪದಲ್ಲಿ ನ್ಯಾಯಾಲಯ ಸ್ಲೋಕಂಗೆ 500 ಡಾಲರ್ ದಂಡ ಹಾಕಿತು. ಪಾಲು ಮಾರಿ ಅಕ್ವಿಡ್‌ನೆಕ್ ಎಂಬ ಚಿಕ್ಕ ಹಡಗು ಕೊಂಡ. 1884ರಲ್ಲಿ ಬ್ಯೂನಸ್ ಐರಿಸ್ ಬಂದರಿನಲ್ಲಿ ವರ್ಜೀನಿಯಾ ತೀರಿಕೊಂಡಳು. ಆಕೆ ಹೋದ ಮೇಲೆ ಸ್ಲೋಕಂ ಮೊದಲಿನಂತಾಗಲೇ ಇಲ್ಲ ಎಂದು ಮಕ್ಕಳು ನೆನೆಯುತ್ತಿದ್ದರು. ಎರಡು ವರ್ಷದ ನಂತರ ಬಂಧುಗಳಲ್ಲೇ ಒಬ್ಬಳಾದ 24 ವರ್ಷದ ಹೆನ್ರಿಯೆಟಾಳನ್ನು ಮದುವೆಯಾದ. 1887ರ ಕೊನೆಯಲ್ಲಿ ಬ್ರೆಜಿಲ್‌ನ ಪರಾನಗುವಾ ಕೊಲ್ಲಿಯಲ್ಲಿ ಅಕ್ವಿಡ್‌ನೆಕ್ ಮರಳ ದಿಬ್ಬಕ್ಕೆ ಸಿಕ್ಕಿ ಒಡೆಯಿತು. ಅದಕ್ಕೆ ವಿಮೆಯೂ ಇರಲಿಲ್ಲ.

ಒಡೆದ ಹಡಗಿನಿಂದ ಹೊಸ ದೋಣಿ

ಕೈಯಲ್ಲಿ ಕಾಸಿಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು ಜೊತೆಗಿದ್ದಾರೆ. ಊರು ಸಾವಿರಾರು ಮೈಲಿ ದೂರ. ಬೇರೆ ಯಾರಾದರೂ ಆಗಿದ್ದರೆ ಅಮೆರಿಕದ ರಾಯಭಾರಿ ಕಚೇರಿಗೆ ಹೋಗಿ ಟಿಕೆಟ್ ಕೇಳುತ್ತಿದ್ದರು. ಸ್ಲೋಕಂ ದೋಣಿ ಕಟ್ಟಲು ಕೂತ.

ಅವನ ಬಳಿ ಇದ್ದ ಉಪಕರಣಗಳನ್ನು ಬೆರಳೆಣಿಸಬಹುದು. ಒಂದು ಕೊಡಲಿ, ಒಂದು ಬಾಚಿ, ಎರಡು ಗರಗಸ, ತೂತು ಕೊರೆಯುವ ಕೆಲವು ಬೈರಿಗೆ. ದಡಕ್ಕೆ ಕೊಚ್ಚಿ ಬಂದ ಹಳೆಯ ಚೀಲದಲ್ಲಿ ಒಂದು ಅರ ಸಿಕ್ಕಿತು. ಅದೇ ಅವನಿಗೆ ಬಂಗಾರ. ಒಡೆದ ಹಡಗಿನಿಂದ ಬಿಚ್ಚಿದ ಸಾಮಾನು, ಕಾಡಿನಿಂದ ಕಡಿದು ತಂದ ಮರ ಇವೇ ಸರಕು. ಮೊಳೆಯ ತುದಿಗೆ ಹಾಕುವ ವಾಷರ್ ಇಲ್ಲದಾಗ ತಾಮ್ರದ ನಾಣ್ಯಗಳನ್ನು ಕತ್ತರಿಸಿ ಬಳಸಿದ. ದೋಣಿ ಮಗುಚದಿರಲಿ ಎಂದು ಎರಡೂ ಮಗ್ಗುಲಿಗೆ ಬಿದಿರು ಕಟ್ಟಿದ. ಹಾಯಿಗಳನ್ನು ಹೆನ್ರಿಯೆಟಾ ಹೊಲಿದಳು. 35 ಅಡಿ ಉದ್ದದ ಆ ದೋಣಿಯ ಒಡಲಿನಲ್ಲಿ ಅಮೆರಿಕದ ಮೀನುಗಾರರ ದೋಣಿಯ ಗುಣವೂ ಇತ್ತು, ಜಪಾನಿನಲ್ಲಿ ನೋಡಿದ ಸಾಂಪಾನ್‌ನ ಗುಣವೂ ಇತ್ತು. ಹಾಯಿ ಮಾತ್ರ ಚೀನಾದವರ ಮಾದರಿ. ಮೂವತ್ತು ವರ್ಷ ಊರೂರು ಸುತ್ತಿ ಕಣ್ಣಲ್ಲಿ ತುಂಬಿಕೊಂಡದ್ದು ಅಲ್ಲಿ ಕೆಲಸಕ್ಕೆ ಬಂತು.

1888ರ ಮೇ 13ರಂದು ದೋಣಿ ನೀರಿಗಿಳಿಯಿತು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು ಅದೇ ದಿನ. ಹಾಗಾಗಿ ದೋಣಿಗೆ ಪೋರ್ಚುಗೀಸ್ ಭಾಷೆಯಲ್ಲಿ ಸ್ವಾತಂತ್ರ್ಯ ಎಂಬ ಅರ್ಥದ ಲಿಬರ್ದಾದೆ ಎಂದು ಹೆಸರಿಟ್ಟ. ನಾಲ್ವರ ಕುಟುಂಬ ಅದರಲ್ಲಿ ಸುಮಾರು 5,500 ಮೈಲಿ ಸಾಗಿ ಅಮೆರಿಕದ ದಕ್ಷಿಣ ಕೆರೊಲಿನಾ ತೀರ ಮುಟ್ಟಿತು.

ಇದು ಮೊದಲ ಬಾರಿಯೇನಲ್ಲ. ಹತ್ತಾರು ವರ್ಷಗಳ ಹಿಂದೆ ಫಿಲಿಪ್ಪೀನ್ಸ್‌ನ ಸುಬಿಕ್ ಕೊಲ್ಲಿಯಲ್ಲಿ ಆತ ಒಬ್ಬ ಬ್ರಿಟಿಷ್ ಗಿರಾಕಿಗೆ 150 ಟನ್‌ನ ಉಗಿಹಡಗಿನ ಮರದ ಒಡಲು ಕಟ್ಟಿಕೊಟ್ಟಿದ್ದ. ಅಂದರೆ ಕ್ಯಾಪ್ಟನ್ ಎಂಬ ಹುದ್ದೆಯ ಒಳಗೆ ಒಬ್ಬ ಬಡಗಿ ಸದಾ ಇದ್ದ. ಅಪ್ಪ ಚೂರು ಮಾಡಿದ್ದು ಮಾದರಿಯನ್ನು, ಕೆತ್ತುವ ಕೈಯನ್ನಲ್ಲ.

ಹೊಲದಲ್ಲಿ ಬಿದ್ದಿದ್ದ ಸ್ಪ್ರೇ

ಈಗ ಮತ್ತೆ 1892ರ ಬಾಸ್ಟನ್‌ಗೆ ಬರೋಣ. ಹಳೆಯ ಪರಿಚಯದ ಒಬ್ಬ ತಿಮಿಂಗಿಲ ಬೇಟೆಯ ಕ್ಯಾಪ್ಟನ್ ಸಿಕ್ಕಿ, ತನ್ನಲ್ಲಿ ಒಂದು ಹಡಗಿದೆ, ಸ್ವಲ್ಪ ರಿಪೇರಿ ಆಗಬೇಕು, ಬೇಕಾದರೆ ತೆಗೆದುಕೋ ಎಂದ. ಸ್ಲೋಕಂ ಮರುದಿನವೇ ಫೇರ್‌ಹೇವನ್ ಎಂಬ ಊರಿಗೆ ಓಡಿದ. ಗೆಳೆಯ ತಮಾಷೆ ಮಾಡಿದ್ದ ಎಂಬುದು ಅಲ್ಲಿ ಗೊತ್ತಾಯಿತು. ಕಡಲಿನಿಂದ ಒಂದಿಷ್ಟು ದೂರ ಹೊಲವೊಂದರಲ್ಲಿ ಆಸರೆ ಕೊಟ್ಟು ನಿಲ್ಲಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿದ್ದ ಪುರಾತನ ದೋಣಿ ಅದು. ಹೆಸರು ಸ್ಪ್ರೇ. ಏಳು ವರ್ಷದಿಂದ ಅಲ್ಲೇ ಕೊಳೆಯುತ್ತಿತ್ತು. ನೂರು ವರ್ಷ ಹಳೆಯದು ಎಂದು ಜನ ಹೇಳುತ್ತಿದ್ದರು.

ಒಡೆದು ಸೌದೆ ಮಾಡಲು ಬಂದಿರಬೇಕು ಎಂದುಕೊಂಡ ಊರವರಿಗೆ ಸ್ಲೋಕಂ ತಾನು ಇದನ್ನು ಮತ್ತೆ ಕಟ್ಟುತ್ತೇನೆ ಎಂದ. ಅವರಿಗೆ ಆಶ್ಚರ್ಯವೋ ಆಶ್ಚರ್ಯ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಕೇಳಿಸಿಕೊಂಡದ್ದು ಒಂದೇ ಪ್ರಶ್ನೆ. ಇದರಿಂದ ಏನಾದರೂ ಗಿಟ್ಟುತ್ತದೆಯೇ? ಆ ಪ್ರಶ್ನೆ ನಮಗೆಲ್ಲ ಗೊತ್ತು. ಯಾವ ಬ್ರಾಂಚ್ ತೆಗೆದುಕೊಂಡೆ ಎಂದು ಹೇಳಿದ ಮರುಕ್ಷಣ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಕ್ಕಪಕ್ಕದ ಮನೆಯಲ್ಲಿ ಬರುವ ಪ್ರಶ್ನೆ ಅದೇ. ಗಿಟ್ಟುವಂತೆ ಮಾಡುತ್ತೇನೆ ಎಂದಷ್ಟೇ ಸ್ಲೋಕಂ ಅದಕ್ಕೆ ಉತ್ತರಿಸುತ್ತಿದ್ದ. ಆತ ಕೊಡಲಿ ತೆಗೆದುಕೊಂಡು ಹತ್ತಿರದಲ್ಲಿದ್ದ ಗಟ್ಟಿಯಾದ ಒಂದು ಓಕ್ ಮರ ಕಡಿದ.

ಆ ಮರ ದೋಣಿಯ ಕೀಲ್ ಆಯಿತು. ಕೀಲ್ ಎಂದರೆ ದೋಣಿಯ ತಳದಲ್ಲಿ ಉದ್ದಕ್ಕೆ ಓಡುವ ಬೆನ್ನೆಲುಬು. ಅದರಿಂದ ಎರಡೂ ಕಡೆಗೆ ಪಕ್ಕೆಲುಬುಗಳು ಏಳಬೇಕು. ಪಕ್ಕೆಲುಬು ಬಾಗಿರಬೇಕು, ಆದರೆ ಸಿಗುವುದು ನೆಟ್ಟನೆಯ ಎಳೆ ಮರ. ಅದಕ್ಕೆ ಸ್ಲೋಕಂ ಉಗಿ ಪೆಟ್ಟಿಗೆಯೊಂದನ್ನು ಮಾಡಿದ. ಒಂದು ದೊಡ್ಡ ಪಾತ್ರೆಯೇ ಬಾಯ್ಲರ್. ಅದರ ಉಗಿಯಲ್ಲಿ ಮರವನ್ನು ಬೇಯಿಸಿ, ಮೆತ್ತಗಾದ ಕೂಡಲೇ ಮರದ ದಿಮ್ಮಿಯ ಮೇಲೆ ಬಗ್ಗಿಸಿ, ಕಟ್ಟಿ, ಆರಲು ಬಿಡುತ್ತಿದ್ದ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತು ಬಿಸಿ ಮತ್ತು ತೇವಕ್ಕೆ ಮೆತ್ತಗಾಗುತ್ತದೆ, ಆರಿದಾಗ ಬಗ್ಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ನಾವು ಮೆಟೀರಿಯಲ್ ಸೈನ್ಸ್ ಪಾಠದಲ್ಲಿ ಓದುವುದನ್ನು ಆತ ಹೊಲದಲ್ಲಿ ಒಲೆ ಹಚ್ಚಿ ಮಾಡುತ್ತಿದ್ದ. ಅವನ ಅನ್ನ ಕಸಿದುಕೊಂಡಿದ್ದ ಉಗಿಯೇ ಇಲ್ಲಿ ಅವನ ಮರ ಬಗ್ಗಿಸುತ್ತಿತ್ತು.

ಪಕ್ಕೆಲುಬುಗಳ ಮೇಲೆ ಒಂದೂವರೆ ಇಂಚು ದಪ್ಪದ ಜಾರ್ಜಿಯಾ ಪೈನ್ ಹಲಗೆಗಳನ್ನು ಹೊದಿಸಿದ. ಹಲಗೆಗಳ ಸಂದಿಯಲ್ಲಿ ನೀರು ಜಿನುಗದಂತೆ ಮೊದಲು ಹತ್ತಿಯ ಎಳೆ, ಅದರ ಮೇಲೆ ಹಳೆಯ ಹಗ್ಗದ ನಾರು ತುರುಕಿ ಬಡಿದ. ನೋಡಲು ಬಂದವರಲ್ಲಿ ಕೆಲವರು ತಲೆಯಾಡಿಸಿದರು, ಕೆಲವರು ಹತ್ತಿ ಹೊರಬಂದೀತು ಎಂದು ಅನುಮಾನಪಟ್ಟರು. ಅದು ಬರಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಸ್ಪ್ರೂಸ್ ಮರ ಕೂವೆಕಂಬವಾಯಿತು. ಒಂದೊಂದೇ ಹಳೆಯ ತುಂಡು ಹೋಗಿ ಹೊಸದು ಬರುತ್ತಾ ಬರುತ್ತಾ, ಹಳೆಯ ಸ್ಪ್ರೇ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಅವನಿಗೂ ಹೇಳಲಾಗುತ್ತಿರಲಿಲ್ಲ.

ಕೆಲಸಕ್ಕೆ ಹಿಡಿದದ್ದು 13 ತಿಂಗಳು. ಸಾಮಾನಿಗೆ ಆದ ಖರ್ಚು 553 ಡಾಲರ್ 62 ಸೆಂಟ್. ಆ 62 ಸೆಂಟನ್ನೂ ಆತ ಬರೆದಿಟ್ಟಿದ್ದಾನೆ ಎಂಬುದೇ ಅವನ ಜೇಬಿನ ಸ್ಥಿತಿ ಹೇಳುತ್ತದೆ. ನಡುನಡುವೆ ಬೇರೆ ಹಡಗುಗಳ ರಿಪೇರಿಗೆ ಕೂಲಿಗೆ ಹೋಗಿ ಅದನ್ನು ಹೊಂದಿಸುತ್ತಿದ್ದ. ಮುಗಿದ ದೋಣಿಯ ಉದ್ದ 36 ಅಡಿ 9 ಇಂಚು, ಅಗಲ 14 ಅಡಿ 2 ಇಂಚು. ನಗರದ ಮೂರು ಕಾರು ಒಂದರ ಹಿಂದೆ ಒಂದು ನಿಂತಷ್ಟು ಉದ್ದ.

ದೋಣಿ ಆಯಿತು, ಆದರೆ ಊರವರ ಪ್ರಶ್ನೆ ಹಾಗೇ ಉಳಿಯಿತು. ಡಿಸ್ಟ್ರಾಯರ್ ಎಂಬ ಯುದ್ಧನೌಕೆಯನ್ನು ಬ್ರೆಜಿಲ್‌ಗೆ ಮುಟ್ಟಿಸುವ ಕೆಲಸ ನಡುವೆ ಸಿಕ್ಕಿತು. ಮುಟ್ಟಿಸಿದ, ಸಂಬಳ ಬರಲಿಲ್ಲ. ಸ್ಪ್ರೇಯಲ್ಲಿ ಮೀನು ಹಿಡಿಯಲು ಹೋದ, ಅದೂ ಕೈಹತ್ತಲಿಲ್ಲ. ಆಗ ಆತ ಲೋಕ ಸುತ್ತಲು ಹೊರಟ.

ಚುಕ್ಕಾಣಿ ಮುಟ್ಟದೆ ಸಾಗಿದ ದೋಣಿ

1895ರ ಏಪ್ರಿಲ್ 24ರಂದು ಬಾಸ್ಟನ್‌ನಿಂದ ಸ್ಪ್ರೇ ಹೊರಟಿತು. ಜೊತೆಗೆ ಒಯ್ಯುವ ಪುಟ್ಟ ದೋಣಿಗೂ ಆತ ತನ್ನದೇ ದಾರಿ ಕಂಡುಕೊಂಡಿದ್ದ. ಇಡೀ ಡೋರಿ, ಅಂದರೆ ಮೀನುಗಾರರ ಚಪ್ಪಟೆ ತಳದ ದೋಣಿ, ಸ್ಪ್ರೇಯ ಮೇಲೆ ಹಿಡಿಯುತ್ತಿರಲಿಲ್ಲ. ಅದನ್ನು ಅಡ್ಡಲಾಗಿ ಅರ್ಧಕ್ಕೆ ಕೊಯ್ದು, ಕೊಯ್ದ ಕಡೆಗೆ ಹಲಗೆ ಹೊಡೆದು ಮುಚ್ಚಿದ. ದಡಕ್ಕೆ ಹೋಗಿ ಬರಲು ಅದೇ ವಾಹನ. ಬಟ್ಟೆ ಒಗೆಯಲೂ ಸ್ನಾನಕ್ಕೂ ಅದೇ ತೊಟ್ಟಿ.

ಉದ್ದ ರೇಖಾಂಶ ಲೆಕ್ಕಹಾಕಲು ನಿಖರವಾದ ಕ್ರೊನೊಮೀಟರ್ ಗಡಿಯಾರ ಬೇಕು. ಅವನಲ್ಲಿದ್ದದ್ದನ್ನು ಸರಿಪಡಿಸಲು 15 ಡಾಲರ್ ಕೇಳಿದರು. ಅದನ್ನು ಮನೆಯಲ್ಲೇ ಬಿಟ್ಟು ನೋವಾ ಸ್ಕಾಟಿಯಾದ ಅಂಗಡಿಯೊಂದರಲ್ಲಿ ಒಂದು ತಗಡಿನ ಗಡಿಯಾರ ಕೊಂಡ. ಬೆಲೆ ಒಂದೂವರೆ ಡಾಲರ್. ಗಾಜು ಒಡೆದಿದ್ದರಿಂದ ಒಂದು ಡಾಲರ್‌ಗೆ ಕೊಟ್ಟರು. ಮುಂದೆ ಅದರ ನಿಮಿಷದ ಮುಳ್ಳು ಬಿದ್ದುಹೋಯಿತು. ನಿಂತಾಗ ಒಮ್ಮೆ ನೀರಲ್ಲಿ ಕುದಿಸಿ ಮತ್ತೆ ನಡೆಸಿದ. ಇಷ್ಟರ ಮೇಲೆ ಭೂಮಿ ಸುತ್ತಲು ಹೊರಟಿದ್ದ. ಶಾಂತಸಾಗರದ ನಡುವೆ ಚಂದ್ರನ ಸ್ಥಾನ ಅಳೆದು ಲೆಕ್ಕ ಹಾಕಿದಾಗ ಉತ್ತರ ನೂರಾರು ಮೈಲಿ ತಪ್ಪಿ ಬಂತು. ಆತ ತನ್ನ ಅಳತೆಯನ್ನು ಪರೀಕ್ಷಿಸಿದ, ಅದು ಸರಿಯಿತ್ತು. ಆಮೇಲೆ ಅಚ್ಚಾದ ಕೋಷ್ಟಕವನ್ನೇ ಪರೀಕ್ಷಿಸಿ, ಅದರಲ್ಲಿದ್ದ ಒಂದು ಅಂಕಿಯ ತಪ್ಪನ್ನು ಹಿಡಿದ. ಕೋಷ್ಟಕ ನೋಡಿ ಉತ್ತರ ಬರೆದುಬಿಡುವ ನಮಗೆ ಇದು ಕಿವಿ ಹಿಂಡಿದ ಹಾಗೆ.

ಅಜೋರ್ಸ್ ದ್ವೀಪಗಳಲ್ಲಿ ಜನ ಪ್ಲಮ್ ಹಣ್ಣು, ಬಿಳಿ ಚೀಸ್ ಕೊಟ್ಟರು. ಎರಡನ್ನೂ ಹೊಟ್ಟೆತುಂಬ ತಿಂದು ನೋವಿನಿಂದ ಕ್ಯಾಬಿನ್ನಿನ ನೆಲದ ಮೇಲೆ ಬಿದ್ದ. ಹೊರಗೆ ಬಿರುಗಾಳಿ. ಜ್ವರದ ಮಂಪರಿನಲ್ಲಿ ಕೊಲಂಬಸ್ಸನ ಕಾಲದ ಪಿಂಟಾ ಹಡಗಿನ ನಾವಿಕನೊಬ್ಬ ಚುಕ್ಕಾಣಿ ಹಿಡಿದಂತೆ ಕಂಡಿತು. ಬೆಳಗ್ಗೆ ಎದ್ದು ನೋಡಿದರೆ ಸ್ಪ್ರೇ ಹಿಡಿದ ದಿಕ್ಕು ಬಿಡದೆ ರಾತ್ರಿಯಿಡೀ 90 ಮೈಲಿ ಸಾಗಿತ್ತು.

ಆ ನಾವಿಕ ಬೇರೆ ಯಾರೂ ಅಲ್ಲ, ದೋಣಿಯ ವಿನ್ಯಾಸವೇ. ಉದ್ದವಾದ ಕೀಲ್ ಇರುವ ದೋಣಿ ಸುಲಭಕ್ಕೆ ದಿಕ್ಕು ತಪ್ಪುವುದಿಲ್ಲ. ಹಾಯಿಗಳನ್ನೂ ಸರಿಯಾಗಿ ಹೊಂದಿಸಿ ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ, ದೋಣಿಯ ಮೂತಿ ಗಾಳಿಯ ಕಡೆ ತಿರುಗಿದಾಗ ಮುಂದಿನ ಹಾಯಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆ ಕಡೆ ಹೆಚ್ಚಾಯಿತೆಂದರೆ ದೊಡ್ಡ ಹಾಯಿ ಮತ್ತೆ ಈ ಕಡೆ ತರುತ್ತದೆ. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಫೀಡ್‌ಬ್ಯಾಕ್ ಎಂದು ಓದುವುದು ಇದನ್ನೇ. ಇಲ್ಲಿ ಸೆನ್ಸರ್ ಇಲ್ಲ, ಮೋಟಾರ್ ಇಲ್ಲ, ಬಟ್ಟೆ ಮತ್ತು ಮರ ಅಷ್ಟೆ. ಮುಂದೆ ಆಸ್ಟ್ರೇಲಿಯಾದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪದವರೆಗಿನ 2,700 ಮೈಲಿಯನ್ನು ಸ್ಪ್ರೇ 23 ದಿನದಲ್ಲಿ ಕ್ರಮಿಸಿತು. ಆ ಇಡೀ ದಾರಿಯಲ್ಲಿ ಸ್ಲೋಕಂ ಚುಕ್ಕಾಣಿ ಹಿಡಿದು ಕೂತದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಿಲ್ಲ. ಉಳಿದ ಹೊತ್ತು ಪುಸ್ತಕ ಓದಿದ, ಅಡುಗೆ ಮಾಡಿದ, ಹರಿದದ್ದನ್ನು ಹೊಲಿದ.

ಮೊದಲು ಪೂರ್ವಕ್ಕೆ, ಮೆಡಿಟರೇನಿಯನ್ ಮತ್ತು ಸೂಯೆಜ್ ದಾಟಿ ಹೋಗುವ ಯೋಚನೆ ಇತ್ತು. ಜಿಬ್ರಾಲ್ಟರ್‌ನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಆ ದಾರಿಯಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸಿದರು. ಆತ ದೋಣಿ ತಿರುಗಿಸಿ ಮತ್ತೆ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಕಡೆ ನಡೆದ. ಉರುಗ್ವೆ ತೀರದಲ್ಲಿ ಸ್ಪ್ರೇ ಮರಳಿಗೆ ಸಿಕ್ಕಿತು. ಲಂಗರು ಇಳಿಸಲು ಅರ್ಧ ಡೋರಿಯಲ್ಲಿ ಹೋದಾಗ ಅದು ಮಗುಚಿತು. ನೀರಿಗೆ ಬಿದ್ದ ಮೇಲೆ ಅವನಿಗೆ ನೆನಪಾದದ್ದು ತನಗೆ ಈಜು ಬರುವುದಿಲ್ಲ ಎಂಬುದು. ಹೌದು, ಭೂಮಿ ಸುತ್ತಿದ ಆ ನಾವಿಕನಿಗೆ ಈಜು ಬರುತ್ತಿರಲಿಲ್ಲ.

ಅತಿ ಕಷ್ಟದ ದಾರಿ ಮೆಗೆಲನ್ ಜಲಸಂಧಿ. ರಾತ್ರಿ ಸ್ಥಳೀಯರು ಬರಿಗಾಲಲ್ಲಿ ದೋಣಿ ಹತ್ತಬಹುದೆಂದು ಡೆಕ್ಕಿನ ಮೇಲೆ ಸಣ್ಣ ಮೊಳೆಗಳನ್ನು ಚೆಲ್ಲಿ ಮಲಗಿದ. ಹತ್ತಿದವರು ಕೂಗುತ್ತಾ ಹಾರಿಹೋದರು. ಅವನ ಬರಹದಲ್ಲಿ ಅವರು ಬರೀ ಕಳ್ಳರು. ಅವರ ನೆಲವನ್ನು ಹೊರಗಿನವರು ಕಿತ್ತುಕೊಳ್ಳುತ್ತಿದ್ದ ಕಾಲವೂ ಅದೇ ಆಗಿತ್ತು ಎಂಬುದನ್ನು ಓದುವ ನಾವು ಸೇರಿಸಿಕೊಳ್ಳಬೇಕು. ಜಲಸಂಧಿ ದಾಟಿ 1896ರ ಮಾರ್ಚ್‌ನಲ್ಲಿ ಶಾಂತಸಾಗರಕ್ಕೆ ಕಾಲಿಟ್ಟ ಕೂಡಲೇ ಬಿರುಗಾಳಿ ಅವನನ್ನು ಕೇಪ್ ಹಾರ್ನ್ ಕಡೆಗೆ ಎಳೆದೊಯ್ದಿತು. ಕತ್ತಲಲ್ಲಿ ಬಂಡೆಗಳ ಮೇಲೆ ಒಡೆಯುವ ನೊರೆಯ ನಡುವೆ ರಾತ್ರಿಯೆಲ್ಲ ದೋಣಿ ತಿರುಗಿಸುತ್ತಾ ಉಳಿದು, ಮತ್ತೆ ಅದೇ ಜಲಸಂಧಿಯೊಳಗೆ ಬಂದು ಬಿದ್ದ. ಚಿಂದಿಯಾದ ಹಾಯಿ ಹೊಲಿದುಕೊಂಡು ಎರಡನೇ ಸಲ ದಾಟಿದ.

ಆಮೇಲೆ ಹುವಾನ್ ಫೆರ್ನಾಂಡಿಸ್ ದ್ವೀಪ, ಅಲ್ಲಿಂದ 72 ದಿನ ಎಲ್ಲೂ ನಿಲ್ಲದೆ ಸಮೋವಾ, ಆಸ್ಟ್ರೇಲಿಯಾ, ಮಾರಿಷಸ್, ದಕ್ಷಿಣ ಆಫ್ರಿಕಾ. ಭೂಮಿ ಚಪ್ಪಟೆ ಎಂದು ನಂಬಿದ್ದ ಅಧ್ಯಕ್ಷ ಕ್ರೂಗರ್‌ನನ್ನು ಅಲ್ಲಿ ಭೇಟಿಯಾದ. ಸೇಂಟ್ ಹೆಲೆನಾದಲ್ಲಿ ಉಡುಗೊರೆಯಾಗಿ ಬಂದ ಆಡು ಅವನ ವೆಸ್ಟ್ ಇಂಡೀಸ್ ನಕ್ಷೆಯನ್ನೂ ಹುಲ್ಲಿನ ಟೋಪಿಯನ್ನೂ ತಿಂದುಹಾಕಿತು. 1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್ ಮುಟ್ಟಿದ. ಮೂರು ವರ್ಷ ಎರಡು ತಿಂಗಳಲ್ಲಿ 46,000 ಮೈಲಿಗೂ ಹೆಚ್ಚು ಸಾಗಿದ್ದ. ದೇಶ ಸ್ಪೇನ್ ಜೊತೆಗಿನ ಯುದ್ಧದ ಗದ್ದಲದಲ್ಲಿತ್ತು. ಇವನತ್ತ ಮೊದಲಿಗೆ ಹೆಚ್ಚು ಜನ ತಿರುಗಿ ನೋಡಲಿಲ್ಲ. ಕೆಲ ದಿನಗಳಲ್ಲಿ ಫೇರ್‌ಹೇವನ್‌ಗೆ ಹೋಗಿ, ಸ್ಪ್ರೇಯನ್ನು ನೀರಿಗಿಳಿಸುವಾಗ ದಡದಲ್ಲಿ ನೆಟ್ಟಿದ್ದ ಅದೇ ಗೂಟಕ್ಕೆ ಹಗ್ಗ ಕಟ್ಟಿದ.

ಬಿಟ್ಟುಬಿಡಬಾರದ ಮಾತು

ಪ್ರಯಾಣದ ಕಥೆ 1899ರಿಂದ ಸೆಂಚುರಿ ಪತ್ರಿಕೆಯಲ್ಲಿ ಬಂದು, 1900ರಲ್ಲಿ ಸೇಲಿಂಗ್ ಅಲೋನ್ ಅರೌಂಡ್ ದ ವರ್ಲ್ಡ್ ಎಂಬ ಪುಸ್ತಕವಾಯಿತು. ಹಣ ಬಂತು, ಹೆಸರು ಬಂತು. 1902ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಜಮೀನು ಕೊಂಡ. ಆದರೆ ನೆಲದ ಮೇಲೆ ಅವನಿಗೆ ನೆಲೆ ನಿಲ್ಲಲಾಗಲಿಲ್ಲ. ಹೆನ್ರಿಯೆಟಾ ಮತ್ತು ಅವನು ಬಹುಕಾಲ ಬೇರೆ ಬೇರೆಯಾಗಿಯೇ ಬದುಕಿದರು. ಲಿಬರ್ದಾದೆಯ ಹಾಯಿ ಹೊಲಿದವಳು ಮತ್ತೆ ಅಂಥ ಪ್ರಯಾಣಕ್ಕೆ ಒಪ್ಪಲಿಲ್ಲ. ಸ್ಫೂರ್ತಿಯ ಲೇಖನಗಳಲ್ಲಿ ಆಕೆಯ ಪಾಲಿಗೆ ಬಂದದ್ದೇನು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ವಿಷಯವೂ ಇದೆ. 1906ರಲ್ಲಿ ನ್ಯೂಜೆರ್ಸಿಯ ರಿವರ್ಟನ್ ಎಂಬಲ್ಲಿ, ದೋಣಿ ನೋಡಲು ಬಂದ 12 ವರ್ಷದ ಹುಡುಗಿಯ ಜೊತೆ ಅನುಚಿತವಾಗಿ ನಡೆದುಕೊಂಡ ಆರೋಪದ ಮೇಲೆ ಅವನನ್ನು ಬಂಧಿಸಿದರು. ಮೊದಲು ಹೊರಿಸಿದ್ದ ಗಂಭೀರ ಆರೋಪವನ್ನು ಆಮೇಲೆ ಇಳಿಸಲಾಯಿತು. ಇಳಿಸಿದ ಆರೋಪವನ್ನು ಆತ ಪ್ರಶ್ನಿಸಲಿಲ್ಲ. 42 ದಿನ ಜೈಲಿನಲ್ಲಿದ್ದು ಹೊರಬಂದ. ಇದನ್ನು ಬಿಟ್ಟು ಅವನ ಬದುಕು ಬರೆದರೆ ಲೇಖನ ಸುಂದರವಾದೀತು, ಸತ್ಯವಾಗುವುದಿಲ್ಲ. ಒಬ್ಬನ ಕೈಕೆಲಸದಿಂದ ಕಲಿಯಲು ಅವನನ್ನು ದೇವರ ಪೀಠದಲ್ಲಿ ಕೂರಿಸಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ಕಲಿಯೋಣ, ಹಾರ ಹಾಕುವುದು ಬೇಡ.

ಕೊನೆಯ ವರ್ಷಗಳಲ್ಲಿ ಸ್ಪ್ರೇಯ ಆರೈಕೆಯೂ ತಪ್ಪಿತು. ನೋಡಿದವರು ಅದರ ಹಗ್ಗ, ಹಲಗೆಗಳು ಹಾಳಾಗಿದ್ದನ್ನು ಬರೆದಿದ್ದಾರೆ. 1909ರ ನವೆಂಬರ್‌ನಲ್ಲಿ, 65ನೇ ವಯಸ್ಸಿನಲ್ಲಿ, ಆತ ದಕ್ಷಿಣದ ಕಡೆಗೆ ಹೊರಟ. ಆಮೇಲೆ ಅವನನ್ನಾಗಲೀ ಸ್ಪ್ರೇಯನ್ನಾಗಲೀ ಯಾರೂ ನೋಡಲಿಲ್ಲ. ಉಗಿಹಡಗು ಡಿಕ್ಕಿ ಹೊಡೆದಿರಬಹುದು ಎಂದವರುಂಟು. ಅಗಲವಾದ, ಆಳ ಕಡಿಮೆಯಿರುವ ಆ ದೋಣಿ ಸಾಮಾನ್ಯ ಗಾಳಿಗೆ ಜಗ್ಗುವುದಿಲ್ಲ, ಆದರೆ ಒಂದು ಮಟ್ಟ ಮೀರಿ ವಾಲಿದರೆ ಮತ್ತೆ ಏಳುವುದಿಲ್ಲ ಎಂದು ಮುಂದೆ ಅದರ ನಕ್ಷೆ ಪರಿಶೀಲಿಸಿದ ಕೆಲವು ತಜ್ಞರು ಹೇಳಿದರು. 1924ರಲ್ಲಿ ನ್ಯಾಯಾಲಯ ಅವನು ಸತ್ತನೆಂದು ಘೋಷಿಸಿತು.

ಊರವರ ಪ್ರಶ್ನೆಗೆ ಉತ್ತರ

ಹಾಗಾದರೆ ಅದರಿಂದ ಏನಾದರೂ ಗಿಟ್ಟಿತೇ? ಸ್ಲೋಕಂಗೆ ಕಳೆದುಹೋದ ಕೆಲಸ ಮರಳಿ ಬರಲಿಲ್ಲ. ಹಾಯಿಹಡಗಿನ ಕಾಲವೂ ಬರಲಿಲ್ಲ. ಛಲವಿದ್ದರೆ ಎಲ್ಲವೂ ಸಿಗುತ್ತದೆ ಎಂದು ಹೇಳಲು ಈ ಬದುಕು ಸಾಕ್ಷಿಯಲ್ಲ.

ಆದರೆ ನಾನು ಇದರಿಂದ ಒಂದನ್ನು ತೆಗೆದುಕೊಂಡಿದ್ದೇನೆ. ಉಗಿ ಬಂದಾಗ ಹೋದದ್ದು ಕ್ಯಾಪ್ಟನ್ ಎಂಬ ಹುದ್ದೆ. ಮರದ ಗುಣ ಗುರುತಿಸುವ ಕಣ್ಣು, ಸಂದಿ ಮುಚ್ಚುವ ಕೈ, ಲೆಕ್ಕ ತಪ್ಪಿದಾಗ ಕೋಷ್ಟಕವನ್ನೇ ಅನುಮಾನಿಸುವ ತಲೆ ಇವು ಹೋಗಲಿಲ್ಲ. ನಾವು ಹುದ್ದೆಯ ಹೆಸರನ್ನು ಕಲಿಯುತ್ತಿದ್ದೇವೆಯೋ, ಕೆಲಸವನ್ನು ಕಲಿಯುತ್ತಿದ್ದೇವೆಯೋ ಎಂದು ಕೇಳಿಕೊಳ್ಳಬೇಕು. ಲ್ಯಾಬ್ ರೆಕಾರ್ಡನ್ನು ಸೀನಿಯರ್‌ನಿಂದ ನಕಲು ಮಾಡಿ ಸಹಿ ಹಾಕಿಸಿಕೊಂಡರೆ ಅಂಕ ಬರುತ್ತದೆ. ಆದರೆ ಹುದ್ದೆ ಹೋದ ದಿನ ಕೈಯಲ್ಲಿ ಉಳಿಯುವುದು ಲೇತ್ ಮುಂದೆ ನಾವೇ ನಿಂತು ತಿರುಗಿಸಿದ ತುಂಡು ಕಲಿಸಿದ್ದಷ್ಟೇ. ಕೆಲಸಕ್ಕಾಗಿ ಕಾಯುತ್ತಿರುವ ಗೆಳೆಯರಿಗೂ ನಾನು ಹೇಳುವುದು ಇಷ್ಟೇ. ಆ 13 ತಿಂಗಳು ಸ್ಲೋಕಂ ಕೂಡ ಲೆಕ್ಕದಲ್ಲಿ ನಿರುದ್ಯೋಗಿಯೇ. ಆದರೆ ಅವನ ಕೈ ಖಾಲಿ ಇರಲಿಲ್ಲ.

ಅವನ ಪುಸ್ತಕವನ್ನು ಜನ ಇವತ್ತಿಗೂ ಕೊಂಡು ಓದುತ್ತಾರೆ. ಸ್ಪ್ರೇಯ ಅಳತೆ ಹಿಡಿದು ಅದೇ ಮಾದರಿಯ ದೋಣಿಗಳನ್ನು ಬೇರೆ ಬೇರೆ ದೇಶಗಳ ಹವ್ಯಾಸಿಗಳು ತಮ್ಮ ಹಿತ್ತಲಿನಲ್ಲಿ, ಶೆಡ್ಡಿನಲ್ಲಿ ಕಟ್ಟಿದ್ದಾರೆ. ಅವರ ಅಕ್ಕಪಕ್ಕದವರೂ ಬೇಲಿಯಾಚೆ ನಿಂತು ಅದೇ ಪ್ರಶ್ನೆ ಕೇಳಿರುತ್ತಾರೆ. ಅವರೂ ಉತ್ತರ ಹುಡುಕುತ್ತಾ ಕೂರದೆ ಮುಂದಿನ ಹಲಗೆಗೆ ಮೊಳೆ ಹೊಡೆದಿರುತ್ತಾರೆ.